ಕೆಂಪಿನ ದಿನ

ರೀಗಾದಲ್ಲಿ, ಟ್ರಾಮು ತಿರುಗುವ ಮೂಲೆಯಲ್ಲಿ
ನಾಲ್ಕು ಮೆಟ್ಟಿಲಿಳಿದರೆ ಇಮಂಟ್ಸನ ಹಳೆ ಪುಸ್ತಕದಂಗಡಿ.
ಶನಿವಾರ ಶನಿವಾರ ಹೋಗುತ್ತೇನೆ.
ಹೆಂಡತಿ ಕೇಳುವುದನ್ನೇ ಬಿಟ್ಟಿದ್ದಾಳೆ,
ಐವತ್ತೆಂಟು ದಾಟಿದ ಹಲ್ಲಿನ ಡಾಕ್ಟರಿಗೆ
ಮಕ್ಕಳ ಚಿತ್ರಪುಸ್ತಕ ಯಾಕೆ,
ಅದೂ ಮಕ್ಕಳಿಲ್ಲದ ಮನೆಗೆ?

ನನಗೂ ಗೊತ್ತಿಲ್ಲ. ಗೊತ್ತಿರುವುದಿಷ್ಟು:
ಪಿನ್ನಿಗೆ ತುಕ್ಕು ಹಿಡಿದಿರಬಾರದು,
ಬೆನ್ನು ಸೀಳಿರಬಾರದು,
ಯಾವ ಪೋರನೂ ಕರಡಿಗೆ ಮೀಸೆ ಬರೆದಿರಬಾರದು.
ಭೂತಗನ್ನಡಿ ಹಿಡಿದು ನೋಡುತ್ತೇನೆ, ದವಡೆ ನೋಡಿದಂತೆ.
ಹುಳುಕು ಕಂಡರೆ ವಾಪಸ್ಸು.

ಆವತ್ತು ಕೈಗೆ ಬಂದದ್ದು ನರಿಯ ಪುಸ್ತಕ.
ಹದಿನಾರು ಪುಟ, ಐವತ್ತಾರನೆಯ ಇಸವಿ,
ಹಿಂಬದಿಯಲ್ಲಿ ಬೆಲೆ ಅರವತ್ತು ಕೊಪೆಕ್.
ಹೆಪ್ಪುಗಟ್ಟಿದ ನದಿ ದಾಟಿ ನರಿಯೊಂದು
ಬಾಣಂತಿ ಮೊಲಕ್ಕೆ ಹಾಲು ಒಯ್ಯುತ್ತದೆ.
ಅಷ್ಟೇ ಕತೆ.
ಆದರೆ ಆ ಹಿಮ!
ಚಿತ್ರಗಾರ ಅದಕ್ಕೆ ಬಣ್ಣವನ್ನೇ ಹಚ್ಚಿಲ್ಲ,
ಕಾಗದವನ್ನು ಹಾಗೇ ಬಿಟ್ಟು
ಸುತ್ತ ಒಂದಿಷ್ಟು ನೀಲಿ ನೆರಳಿಟ್ಟಿದ್ದಾನೆ.
ಅರವತ್ತು ವರ್ಷಕ್ಕೆ ಹಿಮ ಹಳದಿಗಟ್ಟಿ
ಪುಟದ ತುಂಬ ಸಂಜೆಯಾಗಿದೆ,
ಅವನು ಬರೆಯದ ಸಂಜೆ.

ಈ ಪ್ರತಿಯಲ್ಲೊಂದು ಐಬು.
ನರಿಯ ಕೆಂಪು ಗೆರೆಯೊಳಗೆ ಕೂತಿಲ್ಲ,
ಕೂದಲೆಳೆಯಷ್ಟು ಎಡಕ್ಕೆ ಸರಿದಿದೆ.
ಬೆನ್ನಲ್ಲಿ ಬಿಳಿ ಗೀರು ಬಿಟ್ಟು
ಮೂತಿಯಾಚೆ ಚೆಲ್ಲಿದೆ,
ಮೈಗಿಂತ ಮೊದಲೇ ಮುಟ್ಟಿಬಿಡುವ ಆತುರ
ಬಣ್ಣಕ್ಕೇ ಹತ್ತಿದಂತೆ.
'ಬೇಡ' ಎಂದೆ. ಇಮಂಟ್ಸ್ ಮರಳಿ ರಾಶಿಗೆ ಎಸೆದ.

ಒಲೆಯ ಪಕ್ಕ ಕೈ ಕಾಯಿಸುತ್ತಿದ್ದ ಮುದುಕಿ ಸ್ಕೈದ್ರೀತೆ,
ದಿನಾ ಬರುವವಳು, ಏನೂ ಕೊಳ್ಳದವಳು,
'ಎಲ್ಲಿ, ತಾ' ಎಂದಳು.
ಕನ್ನಡಕ ಹಣೆಗೇರಿಸಿ
ಆ ಬಿಳಿ ಗೀರನ್ನು ಉಗುರಿನಿಂದ ಸವರಿದಳು.
'ಇದು ನನ್ನದು.'

ಕಲ್ಲಚ್ಚಿನ ಕಾರ್ಖಾನೆ. ಅವಳಿಗೆ ಹತ್ತೊಂಬತ್ತು.
ಒಂದು ಹಾಳೆ ನಾಲ್ಕು ಸಲ ಮೈಯೊಡ್ಡಬೇಕು ಕಲ್ಲಿಗೆ:
ಹಳದಿಗೊಂದು ದಿನ, ಕೆಂಪಿಗೊಂದು,
ಆಮೇಲೆ ನೀಲಿ, ಕೊನೆಗೆ ಕಪ್ಪು ಗೆರೆ.
'ಕಾಗದ ಅಂದರೆ ಏನಂದುಕೊಂಡಿದ್ದೀರಿ ಡಾಕ್ಟರೇ,
ಅದಕ್ಕೂ ಉಸಿರಿದೆ. ತೇವ ತಾಗಿದರೆ ಹಿಗ್ಗುತ್ತದೆ.
ಕಿಟಕಿ ತೆರೆಯಕೂಡದು ಅಂತ
ಗೋಡೆಯ ಮೇಲೆ ಬರೆದೇ ಹಾಕಿದ್ದರು.'

ಮಾರ್ಚ್ ತಿಂಗಳು, ಕೆಂಪಿನ ದಿನ.
ಕಾರ್ಖಾನೆಯ ಹಿಂದೆ ರೈಲು ಹಳಿ.
ಸೈಬೀರಿಯಾಕ್ಕೆ ಒಯ್ದವರನ್ನು ಬಿಡುತ್ತಿದ್ದಾರಂತೆ,
ಊರೆಲ್ಲ ಪಿಸುಮಾತು.
ಪೂರ್ವದ ಕಡೆಯಿಂದ ಗಾಡಿಯ ಸದ್ದು.
ಅವಳು ಕಿಟಕಿ ತೆರೆದಳು.
ಸೊಂಟದವರೆಗೆ ಹೊರಗೆ ಬಾಗಿ
ಒಂದೊಂದೇ ಡಬ್ಬಿಯ ಮುಖಗಳನ್ನು ಓದಿದಳು.
ಹುಡುಕಿದ್ದು, ಎಂಟು ವರ್ಷದವಳಿದ್ದಾಗ ಕಂಡಿದ್ದ ಮುಖ.
ಹಿಂದೆ ಮಿಶನ್ನು ತನ್ನ ಪಾಡಿಗೆ ತಿರುಗುತ್ತಿತ್ತು.
ನದಿಯ ತೇವ ಒಳಗೆ ಬಂದು
ಹಾಳೆಯ ರಾಶಿಯ ಮೇಲೆ ಕೂತಿತು.

'ಮುನ್ನೂರು ಹಾಳೆ ಕೆಟ್ಟವು.
ಮೇಸ್ತ್ರಿ ಹಾಳೆ ನೋಡಿದ, ನನ್ನ ಮುಖ ನೋಡಿದ,
ಒಳ್ಳೆಯವುಗಳ ನಡುವೆ ಸೇರಿಸಿ ಕಳಿಸಿಬಿಟ್ಟ.'

ಕೇಳಬಾರದಿತ್ತು. ಕೇಳಿದೆ:
'ಅಪ್ಪ ಬಂದರಾ?'

ಅವಳು ಪುಟ ಮಗುಚಿದಳು.
ಹಾಳೆಯ ಆ ಮಗ್ಗುಲಲ್ಲಿ
ನರಿ ಮೊಲದ ಬಾಗಿಲಲ್ಲಿ ನಿಂತಿದೆ,
ಕೆಂಪು ಗೆರೆಯೊಳಗೇ ಇದೆ, ಒಂದಿಷ್ಟೂ ಆಚೀಚೆ ಇಲ್ಲ.
'ಇದು ಬೇರೆ ದಿನ ಅಚ್ಚಾದದ್ದು' ಎಂದಳು.
'ಕಿಟಕಿ ಮುಚ್ಚಿತ್ತು.'

ಆರು ಯೂರೋ ಕೊಟ್ಟು ತಂದೆ.
ಕಪಾಟಿನಲ್ಲಿದ್ದ ಮೂರು ಸರಿಯಾದ ನರಿಗಳು
ಅದರ ಪಕ್ಕ ಯಾಕೋ ನಿಂತಲ್ಲೇ ನಿಂತಂತಿವೆ.
ಈಗ ಅಂಗಡಿಗೆ ಹೋದರೆ ಮೊದಲು ಕೇಳುವುದು
'ಕೆಟ್ಟದ್ದು ಏನಾದರೂ ಬಂದಿದೆಯಾ?'

ಮುನ್ನೂರರಲ್ಲಿ ಐದು ಸಿಕ್ಕಿವೆ.
ಒಂದರಲ್ಲಿ ಯಾವನೋ ಪೋರ
ಇಟ್ಟಿಗೆ ಬಣ್ಣದ ಪೆನ್ಸಿಲಿನಲ್ಲಿ ಒತ್ತಿ ಒತ್ತಿ
ನರಿಯ ಬೆನ್ನಿನ ಬಿಳಿ ಗೀರನ್ನು ತುಂಬಿದ್ದಾನೆ,
ಚಳಿಯಾದೀತೆಂದು.